ಡಬ್ಬಿಯನ್ನು ಬರಿದಾಗಿ ಕಳಿಸಬಾರದು

ಮೊನ್ನೆ ಮಧ್ಯಾಹ್ನ ನನ್ನ ಮೊಮ್ಮಗಳು ಸ್ವಾತಿಯ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಜಗಳೂರಿನ ತನ್ನ ತವರಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದು ಒಂದು ಸ್ಟೀಲಿನ ಡಬ್ಬಿ ಕೊಟ್ಟು ಹೋದಳು. ಮುಚ್ಚಳ ತೆಗೆದರೆ ಗಿಣ್ಣ. ಬೆಲ್ಲ, ಏಲಕ್ಕಿ, ಅದರ ಅಡಿಯಲ್ಲಿ ಆಗತಾನೆ ಕರು ಹಾಕಿದ ಎಮ್ಮೆಯ ಹಾಲಿನ ಆ ದಟ್ಟ ವಾಸನೆ. ಒಂದು ಚೂರು ಬಾಯಿಗೆ ಹಾಕಿಕೊಂಡವಳು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ನ್ಯಾಮತಿಯಲ್ಲಿ ಕಳೆದ ಆ ಮಳೆಗಾಲ ಹಾಗೇ ಎದುರಿಗೆ ಬಂದು ನಿಂತಿತು.

ನನ್ನ ತಮ್ಮನ ಮೊಮ್ಮಕ್ಕಳೇ, ನೀವು ಫೋನು ಮಾಡಿದಾಗಲೆಲ್ಲ ಕೇಳುತ್ತೀರಿ, "ಅಜ್ಜಿ, ಸ್ವಾತಿ ಅಕ್ಕ ಯಾಕೆ ಇನ್ನೂ ಮದುವೆ ಆಗಿಲ್ಲ?" ಎಂದು. ಎದುರಿಗೆ ಕುಳಿತು ಇಂಥದ್ದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದ್ದರಿಂದ ಬರೆಯಲು ಬರುತ್ತದೆ. ನಿಮಗೂ ಆ ವಯಸ್ಸು ಬರುತ್ತದಲ್ಲ, ಆಗ ಓದಿಕೊಳ್ಳಿ.

ನ್ಯಾಮತಿ ತಾಲ್ಲೂಕಿನ ಪಶು ಆಸ್ಪತ್ರೆಗೆ ಸ್ವಾತಿ ಡಾಕ್ಟರಾಗಿ ಹೋದಾಗ ಅವಳಿಗೆ ಇಪ್ಪತ್ತೆಂಟು ತುಂಬಿತ್ತು. ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ಹೋದಲ್ಲೆಲ್ಲ "ಮದುವೆ ಆಗೈತಾ?" ಎಂಬುದೇ ಮೊದಲ ಪ್ರಶ್ನೆ. ಕೊನೆಗೆ ರುದ್ರಪ್ಪ ಎಂಬ ಹಿರಿಯರು ತಮ್ಮ ಮನೆಯ ಹಿಂದಿನ ಭಾಗ ಕೊಡಲು ಒಪ್ಪಿದರು. ಆದರೆ ಒಂದು ಮಾತು. "ಒಂಟಿ ಹೆಣ್ಮಗಳಿಗೆ ಮನೆ ಕೊಟ್ರೆ ನಾಕು ಜನ ನನ್ನ ಕೇಳ್ತಾರಮ್ಮ. ಮನೇಲಿ ದೊಡ್ಡೋರು ಅಂತ ಒಬ್ರು ಇರ್ಲಿ."

ಆ ದೊಡ್ಡೋರು ನಾನಾದೆ. ಹಾಲಿನವನು ಬಂದರೆ ಬಾಗಿಲ ಮರೆಯಿಂದ ಪಾತ್ರೆ ಚಾಚುವ ನಾನು, ಅಪರಿಚಿತರು ಹೆಸರು ಕೇಳಿದರೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುವ ನಾನು, ದನದ ಡಾಕ್ಟರಮ್ಮನಿಗೆ ಕಾವಲು! ಒಂದು ಚೀಲ ಜೋಳ, ಎರಡು ಸೀರೆ, ತೀರಿಹೋದ ನನ್ನ ಯಜಮಾನರ ಫೋಟೋ ಹಿಡಿದುಕೊಂಡು ಬಸ್ಸು ಹತ್ತಿದೆ. ನಮ್ಮ ಕಡೆ ಮಳೆಗೆ ಮುಗಿಲು ನೋಡಬೇಕು. ಅಲ್ಲಿ ನಾನು ಇಳಿದ ದಿನವೇ ಮಳೆ ಹಿಡಿಯಿತು. ಒಗೆದ ಬಟ್ಟೆ ಒಣಗಲಿಲ್ಲ, ಜೋಳದ ಹಿಟ್ಟು ಮೆತ್ತಗಾಯಿತು, ಸ್ವಾತಿಯ ಗಮ್‌ಬೂಟಿನಿಂದ ಬರುವ ಸಗಣಿ, ಔಷಧ, ರಬ್ಬರು ಕಲೆತ ವಾಸನೆಗೆ ನನ್ನ ಮೂಗು ಒಗ್ಗಿಹೋಯಿತು.

ಒಗ್ಗದೇ ಇದ್ದದ್ದು ಅವಳು ಬದುಕುತ್ತಿದ್ದ ರೀತಿ. ಬೆಳಗಾದರೆ ಸ್ಕೂಟರಿನಲ್ಲಿ ಸವಳಂಗ, ಸೂರಗೊಂಡನಕೊಪ್ಪ ಎಂದು ಹೊರಟುಬಿಡುತ್ತಿದ್ದಳು. ಸಂಜೆ ಬಂದು ಬಿಸಿನೀರು ಹುಯ್ದುಕೊಂಡು, ರೇಡಿಯೋ ಹಚ್ಚಿ, ತನಗೆ ಬೇಕಾದ ಅಡುಗೆ ಮಾಡಿಕೊಳ್ಳುತ್ತಿದ್ದಳು. ರಜೆ ಬಂದರೆ ಹೊನ್ನಾಳಿಗೆ ಹೋಗಿ ಹೊಳೆಯ ದಂಡೆಯಲ್ಲಿ ಸುಮ್ಮನೆ ಕುಳಿತು ಬರುವಳು. ಒಂದು ದಿನ ದಾವಣಗೆರೆಗೆ ಹೋಗಿ ಬಂದವಳು ಹೇಳಿದಳು, "ಬೆಣ್ಣೆ ದೋಸೆ ತಿಂದು ಬಂದೆ ಅಜ್ಜಿ."

"ಯಾರ ಜೊತೆ?"

"ಒಬ್ಳೇ."

"ಹೋಟ್ಲಲ್ಲಿ ಒಬ್ಳೇ ಕೂತು ತಿಂದ್ಯಾ? ನೋಡಿದೋರು ಏನಂದ್ಕಂತಾರೆ?"

"ದೋಸೆ ತಿನ್ನಾಕೆ ಇಬ್ರು ಬೇಕಾ ಅಜ್ಜಿ? ನೋಡಿದೋರು ಅವ್ರವ್ರ ದೋಸೆ ನೋಡ್ಕಂತಿದ್ರು."

ನನಗೆ ನಗು ಬಂತು. ಆದರೆ ಅವಳು ಮದುವೆ ಬೇಡವೆಂದು ಕುಳಿತವಳಲ್ಲ. ಸಿಕ್ಕರೆ ಜೊತೆ ಬೇಕು, ಸಿಗಲಿಲ್ಲವೆಂದು ಬದುಕನ್ನು ಮಡಚಿ ಇಡಬಾರದು, ಅಷ್ಟೇ ಅವಳ ಮಾತು. ಅವಳ ತಾಯಿ, ಎಂದರೆ ನನ್ನ ಮಗಳು, ದಿನಾ ಫೋನಿನಲ್ಲಿ "ಇಪ್ಪತ್ತೊಂಬತ್ತು ಹತ್ರ ಬಂತು, ಆಮೇಲೆ ಯಾರೂ ಕೇಳಲ್ಲ" ಎಂದು ಅಳುವಳು. ಹಾಗಾಗಿ ಸ್ವಾತಿಯೇ ಫೋನಿನಲ್ಲಿ ಗಂಡು ನೋಡಲು ಶುರು ಮಾಡಿದ್ದಳು. ಬೆರಳಿನಿಂದ ಒಂದೊಂದು ಫೋಟೋ ಸರಿಸುತ್ತಾ ಹೋಗುವುದನ್ನು ನೋಡಿ ನಾನೆಂದೆ, "ಇದೇನೇ, ಸೀರೆ ಅಂಗಡೀಲಿ ಸೀರೆ ತೆಗ್ಸಿ ತೆಗ್ಸಿ ಬ್ಯಾಡ ಅಂದಂಗೆ!"

"ಅವ್ರೂ ನನ್ನನ್ನ ಹಂಗೇ ಸರಿಸ್ತಿರ್ತಾರೆ ಬಿಡು" ಎಂದಳು.

ಗಂಡುಗಳನ್ನು ಅವಳು ಭೇಟಿಯಾಗುತ್ತಿದ್ದುದು ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ. ನಾನೂ ಜೊತೆಗೆ ಹೋಗಬೇಕು, ಆದರೆ ಬೇರೆ ಟೇಬಲ್ಲಿನಲ್ಲಿ, ಪರಿಚಯವೇ ಇಲ್ಲದವಳಂತೆ ಕೂರಬೇಕು. ಮೊದಲು ಬಂದವನು ಅವಳ ಕೈ ನೋಡಿ "ಚೆನ್ನಾಗಿ ತೊಳ್ಕಂಡು ಬಂದಿದೀರಿ ತಾನೆ?" ಎಂದು ಕೇಳಿದ. ಅವಳು "ಎಡಗೈ ತೊಳೆದೀನಿ, ಬಲಗೈ ಎಮ್ಮೆಗೆ ಬೇಕಾಗ್ತದೆ ಅಂತ ಹಂಗೇ ಬಿಟ್ಟೀನಿ" ಎಂದಳು. ಅವನು ಚಹಾ ಪೂರ್ತಿ ಕುಡಿಯದೇ ಎದ್ದು ಹೋದ. ಇನ್ನೊಬ್ಬ ತನ್ನ ಕಾರಿನ ವಿಷಯ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಬರುವಾಗ ಬಸ್ಸಿನಲ್ಲಿ ನಾವಿಬ್ಬರೂ ಅವರನ್ನು ಅಣಕಿಸಿ ನಗುತ್ತಿದ್ದೆವು. ಆದರೆ ಅಂಥ ಸಂಜೆ ಮನೆಗೆ ಬಂದ ಮೇಲೆ ಅವಳು ರೇಡಿಯೋ ಹಚ್ಚುತ್ತಿರಲಿಲ್ಲ. ಅದು ನನಗೆ ಕಾಣದೇ ಇರಲಿಲ್ಲ.

ಪ್ರಶಾಂತ ಬಂದದ್ದು ಆಷಾಢದ ಗಾಳಿ ಬೀಸುತ್ತಿದ್ದಾಗ. ಚನ್ನಗಿರಿಯವನು, ತಂದೆಯ ಜೊತೆ ಪಂಪ್‌ಸೆಟ್ಟು, ಪೈಪುಗಳ ಅಂಗಡಿ ನೋಡಿಕೊಳ್ಳುತ್ತಿದ್ದ. ಕುಳಿತು ಸ್ವಲ್ಪ ಹೊತ್ತಾಗಿತ್ತು, ಬೇಕರಿಯವನನ್ನು ಕರೆದು ಜೋರಾಗಿ ಹೇಳಿದ, "ಆ ಮೂಲೆ ಟೇಬಲ್ಲಿನ ಅಜ್ಜಿಗೆ ಇನ್ನೊಂದು ದಿಲ್‌ಪಸಂದ್ ಕೊಡ್ರಿ. ಪಾಪ, ನಮ್ಮನ್ನ ಕಾದು ಕಾದು ಸುಸ್ತಾಗೈತೆ ಅವ್ರಿಗೆ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸ್ವಾತಿ ನಗು ತಡೆಯಲಾರದೆ, "ನಿಮಗೆ ಹೆಂಗ್ ಗೊತ್ತಾತು?" ಎಂದಳು.

"ನಿಮ್ಮಿಬ್ರ ಮೂಗು ಒಂದೇ ಐತಲ್ರೀ!"

ಆ ದಿನದಿಂದ ಅವಳು ರೊಟ್ಟಿ ಬಡಿಯುವಾಗ ಹಾಡು ಗುನುಗತೊಡಗಿದಳು. ಅವನು ಮತ್ತೆ ಮತ್ತೆ ಬಂದ. ಅವಳ ಕೆಲಸದ ಕಥೆಗಳನ್ನು ಕೇಳುತ್ತಿದ್ದ, ನಗಿಸುತ್ತಿದ್ದ, ನನ್ನ ಚೀಲ ಹೊತ್ತು ಬಸ್ಸಿನವರೆಗೆ ಬರುತ್ತಿದ್ದ. ನನಗೂ ಹುಡುಗ ಹಿಡಿಸಿದ. ನಿಜ ಹೇಳಬೇಕೆಂದರೆ, ದೇವರಿಗೆ ಕಾಯಿ ಒಡೆಸಲು ಕೂಡ ಹರಸಿಕೊಂಡಿದ್ದೆ.

ಶ್ರಾವಣದಲ್ಲಿ ಅವನ ತಾಯಿ ಸುಶೀಲಮ್ಮ ಮಗನ ಜೊತೆ ನ್ಯಾಮತಿಗೆ ಬಂದರು. ಮೂರು ಅಂತಸ್ತಿನ ಹೊಳೆಯುವ ಡಬ್ಬಿ ತುಂಬ ಕರ್ಜಿಕಾಯಿ, ಚಕ್ಕುಲಿ, ರವೆ ಉಂಡೆ ತಂದಿದ್ದರು. ಕೆಟ್ಟ ಹೆಂಗಸಲ್ಲ. ಸ್ವಾತಿಯ ಕೆನ್ನೆ ಸವರಿ ಮಾತಾಡಿಸಿದರು. ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ಹೊರಡುವ ಹೊತ್ತಿಗೆ ಅವರೆಂದರು, "ಕೆಲಸ ಬಿಡು ಅಂತ ನಾವೇನು ಅನ್ನಲ್ಲಮ್ಮ. ಆದ್ರೆ ಈ ದನದ ಹೊಟ್ಟೆಗೆ ಕೈ ಹಾಕೋದು, ಕೊಟ್ಟಿಗೆ ಕೊಟ್ಟಿಗೆ ತಿರುಗೋದು ನಮ್ಮ ಮನೆಗೆ ಬಂದ ಮೇಲೆ ಬ್ಯಾಡ. ಎಲ್ಲಾದ್ರೂ ಆಫೀಸಲ್ಲಿ ಕುತ್ಕಳ್ಳೋ ಅಂಥ ಕೆಲಸ ಹಾಕಿಸ್ಕ."

ಸ್ವಾತಿ ಪ್ರಶಾಂತನ ಮುಖ ನೋಡಿದಳು. ಅವನು ಚಕ್ಕುಲಿ ಮುರಿಯುತ್ತಿದ್ದ.

ತಿಂಡಿ ಮುಗಿಯಿತು, ಡಬ್ಬಿ ತೊಳೆದಿಟ್ಟದ್ದು ನಾಗಂದಿಗೆಯ ಮೇಲೇ ಉಳಿಯಿತು. ಅವಳು ಅತ್ತ ಹೂಂ ಎನ್ನಲಿಲ್ಲ, ಇತ್ತ ಒಲ್ಲೆ ಎನ್ನಲಿಲ್ಲ. ಅವಳ ತಾಯಿಯ ಫೋನು ದಿನಕ್ಕೆರಡು ಸಲ ಬರತೊಡಗಿತು. ಒಂದು ಸಂಜೆ ಮಳೆ ಹೊಯ್ಯುತ್ತಿದ್ದಾಗ ಅವಳು ಆ ಡಬ್ಬಿಯನ್ನೇ ನೋಡುತ್ತಾ ಕೇಳಿದಳು, "ಅಜ್ಜಿ, ತಾತ ಹೋದಾಗ ನಿನಗೆ ನನಗಿಂತ ಕಮ್ಮಿ ವಯಸ್ಸು. ಯಾರೂ ಕೇಳ್ಲಿಲ್ವಾ?"

ಯಾರಿಗೂ ಹೇಳದ ಮಾತು ಅದು. ಕೇಳಿದ್ದರು. ಯಜಮಾನರು ಹೋಗಿ ವರ್ಷವಾದ ಮೇಲೆ ಪಕ್ಕದ ಊರಿನಿಂದ ಕೂಡಿಕೆಗೆ ಕೇಳಿ ಬಂದಿದ್ದರು. ಗಂಡ ಸತ್ತವಳನ್ನು ಹೆಚ್ಚು ಶಾಸ್ತ್ರವಿಲ್ಲದೆ ಮತ್ತೆ ಮದುವೆ ಮಾಡಿಕೊಳ್ಳುವುದಕ್ಕೆ ಹಾಗೆನ್ನುತ್ತಿದ್ದರು. ಹೆಂಡತಿ ತೀರಿಕೊಂಡವನು, ಒಳ್ಳೆಯವನೇ. ಅವನ ತಾಯಿ ಒಂದು ಡಬರಿ ತುಂಬ ಮಂಡಕ್ಕಿ ಉಂಡೆ ಕಳಿಸಿದ್ದಳು. ಆದರೆ ನಾನು ಅವರ ಮನೆ ಸೇರಬೇಕಾದರೆ ನನ್ನ ಕೂಸನ್ನು ನನ್ನ ತಾಯಿಯ ಹತ್ತಿರ ಬಿಟ್ಟು ಬರಬೇಕು ಎಂಬುದು ಅವರ ಮಾತು. ಆ ಕೂಸು ನಿಮ್ಮ ಸ್ವಾತಿಯ ತಾಯಿ.

"ನೀನೇನಂದೆ?"

"ನಾನೇನಂತೀನಿ? ನಂಗೆ ಬಾಯಿ ಎಲ್ಲಿತ್ತು? ಡಬರಿ ವಾಪಸ್ ಕಳಿಸ್ದೆ."

ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಕ್ಕೆ ಕಳಿಸುವುದಿಲ್ಲ. ಒಂದು ಹಿಡಿ ಕಾಳಾದರೂ ಹಾಕಬೇಕು. ಸಂಬಂಧದ ಮಾತು ನಡೆದಿದ್ದರೆ ಆ ಹಿಡಿಗೇ ಒಂದು ರೀತಿಯಿತ್ತು. ಬೆಲ್ಲ ಹಾಕಿ ಕಳಿಸಿದರೆ ಒಪ್ಪಿಗೆ. ಜೋಳ ಹಾಕಿ ಕಳಿಸಿದರೆ, ಸಂಬಂಧ ಬೇಡ, ಮನಸ್ತಾಪವೂ ಬೇಡ. ಬಾಯಿ ಬಿಡದೆ ಮುಗಿಯುತ್ತಿತ್ತು. ನಾನು ಜೋಳ ಹಾಕಿ ಕಳಿಸಿದೆ.

"ಬೇಜಾರಾಗ್ಲಿಲ್ವಾ ಆಮೇಲೆ?"

"ಆಗ್ದೇ ಇರ್ತದಾ? ಹಬ್ಬದ ದಿನ ಆಗೋದು. ಜ್ವರ ಬಂದಾಗ ಆಗೋದು. ಆದ್ರೆ ನಿಮ್ಮಮ್ಮ ಶಾಲೆಯಿಂದ ಬಂದು ನನ್ನ ಬೆನ್ನ ಮೇಲೆ ಬಿದ್ದಾಗ, ನಾನು ಹಾಕಿದ್ದು ಸರಿಯಾದ ಕಾಳೇ ಅನ್ಸೋದು."

ಅವಳು ನನ್ನ ಮಡಿಲಲ್ಲಿ ತಲೆಯಿಟ್ಟಳು.

ಮುಂದಿನ ಭಾನುವಾರ ನಾವು ಚನ್ನಗಿರಿಗೆ ಅವರ ಮನೆ ನೋಡಲು ಹೋಗುವುದೆಂದಾಯಿತು. ಪ್ರಶಾಂತನೇ ಕಾರು ತಂದಿದ್ದ. ಸ್ವಾತಿ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಕಾರು ಹತ್ತುವಾಗಲೇ ಫೋನು ಬಂತು. ಸವಳಂಗದಲ್ಲಿ ಒಂದು ಎಮ್ಮೆ ಬೆಳಗಿನಿಂದ ನೋವು ತಿನ್ನುತ್ತಿದೆ, ಕರು ಅಡ್ಡ ಸಿಕ್ಕಿಕೊಂಡಿದೆ. ಆ ಮನೆಯ ಹೆಂಗಸು ಫೋನಿನಲ್ಲೇ ಅಳುತ್ತಿದ್ದಳು. ಸ್ವಾತಿ ಒಂದೇ ಮಾತು ಕೇಳಿದಳು, "ಗಾಡಿ ತಿರುಗಿಸ್ತೀರಾ?" ಅವನು ತಿರುಗಿಸಿದ. ಅದನ್ನು ನಾನು ಹೇಳಲೇಬೇಕು, ಒಂದು ಗಳಿಗೆಯೂ ತಡ ಮಾಡಲಿಲ್ಲ.

ಕೊಟ್ಟಿಗೆಯ ಸೂರಿನಿಂದ ನೀರು ಸುರಿಯುತ್ತಿತ್ತು. ಸ್ವಾತಿ ಸೀರೆ ಎತ್ತಿಕಟ್ಟಿ, ಬಳೆ ತೆಗೆದು ನನ್ನ ಕೈಗೆ ಕೊಟ್ಟು, ತೋಳಿನವರೆಗೆ ಸೋಪು ಹಚ್ಚಿಕೊಂಡಳು. ಅವಳು ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣು ಮುಚ್ಚಿ, ಒಳಗೆ ಕೈಯಾಡಿಸುತ್ತಾ, ಎಮ್ಮೆಗೆ "ಆತು ನನ್ನವ್ವ, ಇನ್ನೊಂದ್ ಚೂರು" ಎನ್ನುತ್ತಿದ್ದಳು. ಪ್ರಶಾಂತ ಬಿಳಿ ಅಂಗಿಯಲ್ಲೇ ಬಂದು ಹಗ್ಗದ ತುದಿ ಹಿಡಿದ. ನನಗೆ ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಈ ಹುಡುಗನೇ ಸೈ ಎಂದುಕೊಂಡೆ.

ಆಗ ಅವನ ಫೋನು ಬಡಿದುಕೊಂಡಿತು. ಅವನು ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಫೋನು ಹಿಡಿದು ಹೇಳಿದ, "ಹೂಂ ಅಮ್ಮ, ಹೊರಟೀವಿ. ದಾರೀಲಿ ಗಾಡಿ ಪಂಕ್ಚರ್ ಆತು, ಹಾಕಿಸ್ತಿದೀವಿ."

ಸ್ವಾತಿ ಕಣ್ಣು ತೆರೆದಳು. ಸ್ವಲ್ಪ ಹೊತ್ತಿಗೆ ಕರು ಹೊರಬಂತು, ಉಸಿರಾಡಿತು, ತಾಯಿ ಅದನ್ನು ನೆಕ್ಕಲು ಶುರು ಮಾಡಿತು. ಮನೆಯವರು ಕೈಮುಗಿದರು. ಅವಳು ಬಾನಿಯ ಹತ್ತಿರ ತೋಳು ತೊಳೆಯುತ್ತಾ ಅವನನ್ನು ಕೇಳಿದಳು, "ಪಂಕ್ಚರ್ ಆಗಿದ್ದು ಯಾವ ಗಾಡಿ ರೀ?"

ಅವನು ನಕ್ಕ. "ಎಮ್ಮೆ ಅಂದಿದ್ರೆ ಅಮ್ಮ ಬೇಜಾರು ಮಾಡ್ಕಂತಿದ್ರು. ಸುಮ್ನೆ ಒಂದು ಸುಳ್ಳು. ನಂಗಂತೂ ನಿಮ್ಮ ಕೆಲಸದ ಬಗ್ಗೆ ಏನೂ ಇಲ್ಲ, ನೋಡಿದ್ರಲ್ಲ?"

"ನೋಡ್ದೆ. ಹಗ್ಗ ಚೆನ್ನಾಗಿ ಹಿಡಿದ್ರಿ" ಎಂದಳು ಮೆತ್ತಗೆ. "ಇವತ್ತು ಒಂದು ಪಂಕ್ಚರ್. ಮದುವೆ ಆದ್ಮೇಲೆ ದಿನಾ ನನ್ನ ಕೆಲಸಕ್ಕೆ ಏನೇನ್ ಹೆಸರು ಇಡ್ತೀರಿ?"

ಅವನು ಅಂಗಿಗೆ ಹತ್ತಿದ ಕೆಸರು ಒರೆಸಿಕೊಳ್ಳತೊಡಗಿದ. ಅಂದು ಚನ್ನಗಿರಿಗೆ ಹೋಗಲಿಲ್ಲ. ಎರಡು ಮೂರು ದಿನ ಯೋಚಿಸಿ ಅವಳು ಅವನಿಗೆ ಫೋನು ಮಾಡಿ, ಆಗುವುದಿಲ್ಲ ಎಂದಳು. ಆಮೇಲೆ ಹಿತ್ತಲಲ್ಲಿ ನಿಂತು ಅತ್ತಳು. ಇಷ್ಟವಿಲ್ಲದವನನ್ನು ಬಿಡುವುದು ಸುಲಭ. ಇಷ್ಟವಿದ್ದವನನ್ನು ಬಿಟ್ಟಳು.

ಆದರೆ ಅವನು ಮನೆಯಲ್ಲಿ ಹೇಳಿರಲೇ ಇಲ್ಲ. ವಾರ ಕಳೆಯುವಷ್ಟರಲ್ಲಿ ಸುಶೀಲಮ್ಮ ನನ್ನ ಮಗಳಿಗೆ ಫೋನು ಮಾಡಿ, ನಿಶ್ಚಿತಾರ್ಥಕ್ಕೆ ದಿನ ನೋಡಿಸೋಣವೇ ಎಂದರಂತೆ. ಮಗಳು ಸಂತೋಷದಿಂದ ಹೂಂ ಎನ್ನುವುದರಲ್ಲಿದ್ದಳು. ಇನ್ನೂ ಸುಮ್ಮನಿದ್ದರೆ ಎರಡು ಮನೆಯವರೂ ಸೇರಿ ಹುಡುಗಿಯನ್ನು ಹಸೆಮಣೆಯ ಮೇಲೆ ಕೂರಿಸಿಬಿಡುತ್ತಾರೆ ಎಂದು ನನಗೆ ದಿಗಿಲಾಯಿತು.

"ನಾನೇ ಹೋಗಿ ಹೇಳಿ ಬರ್ತೀನಿ" ಎಂದು ಸ್ವಾತಿ ಎದ್ದಳು.

"ನೀನು ಹೋದ್ರೆ ಜಗಳಕ್ಕೆ ಬಂದ್ಳು ಅಂತಾರೆ. ಡಬ್ಬಿ ಕೊಡೋದೈತಲ್ಲ, ನಾನು ಹೋಗ್ತೀನಿ."

"ನೀನು? ಒಬ್ಳೇ? ಕಂಡಕ್ಟರ್‌ಗೆ ಊರ ಹೆಸ್ರು ಹೇಳಾಕೂ ನಾಚ್ಕಂತೀಯ!"

"ದೋಸೆ ತಿನ್ನಾಕೆ ಹೋಗ್ತಿಲ್ಲ ಬಿಡು" ಎಂದೆ.

ನನ್ನ ಧೈರ್ಯವೆಲ್ಲ ಆ ಡಬ್ಬಿಯಲ್ಲಿತ್ತು. ಊರಿಂದ ತಂದಿದ್ದ ಜೋಳವನ್ನು ಹಸನು ಮಾಡಿ, ಮೂರೂ ಅಂತಸ್ತು ತುಂಬಿದೆ. ಕೊಟ್ಟು ಬಂದರೆ ಮುಗಿಯಿತು, ಅವರಿಗೆ ಅರ್ಥವಾಗುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ ಎಂದುಕೊಂಡೇ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿದೆ. ತುಂಗಭದ್ರೆ ಕೆಂಪಗೆ, ತುಂಬಿಕೊಂಡು ಹರಿಯುತ್ತಿದ್ದಳು. ಡಬ್ಬಿಯನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ.

ಸುಶೀಲಮ್ಮ ಬಾಗಿಲಿಗೇ ಬಂದು ಕರೆದುಕೊಂಡರು. ಡಬ್ಬಿ ತೆರೆದು ನೋಡಿ ಅವರ ಮುಖ ಅರಳಿತು. "ಅಯ್ಯೋ, ಇಷ್ಟೊಂದು ಜೋಳ! ಎಂಥಾ ಬಿಳಿ ಐತೆ ನೋಡ್ರಿ!" ಎಂದು ಪಕ್ಕದ ಮನೆಯವರನ್ನೂ ಕೂಗಿ ಕರೆದರು. "ನಮ್ಮ ಬೀಗರ ಮನೇದು, ಜಗಳೂರು ಜೋಳ. ಅಮ್ಮರೇ ಹೊತ್ಕಂಡು ಬಂದಾರೆ. ನಿಶ್ಚಿತಾರ್ಥದ ದಿನ ಇದ್ರದ್ದೇ ರೊಟ್ಟಿ ಮಾಡಿಸ್ತೀನಿ!"

ನಮ್ಮೂರ ರೀತಿ ಅವರಿಗೆ ಗೊತ್ತೇ ಇರಲಿಲ್ಲ. ನನ್ನ ಜೋಳ ಅಲ್ಲಿ ಬರೀ ಜೋಳವಾಗಿತ್ತು. ಪಕ್ಕದ ಮನೆಯಾಕೆ ನನಗೆ ಕಾಫಿ ತಂದುಕೊಟ್ಟು "ಮದುವೆ ಯಾವಾಗ್ರಿ?" ಎಂದಳು. ಸೆರಗಿನ ತುದಿ ತಾನಾಗಿ ಬಾಯಿಯ ಹತ್ತಿರ ಹೋಯಿತು. ಅದನ್ನು ಕೆಳಗಿಳಿಸಿದೆ.

"ಸುಶೀಲಮ್ಮ" ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. "ಇದು ಬೀಗರ ಮನೆ ಜೋಳ ಅಲ್ಲವ್ವ. ನಮ್ಮ ಹುಡುಗಿ ಒಲ್ಲೆ ಅಂದಾಳೆ. ಅದನ್ನ ಹೇಳಿ, ಡಬ್ಬಿ ಕೊಟ್ಟು ಹೋಗಣ ಅಂತ ಬಂದೆ."

ಪಕ್ಕದ ಮನೆಯಾಕೆ ಮೆಲ್ಲಗೆ ಹೊರಟುಹೋದಳು. ಸುಶೀಲಮ್ಮನ ಮುಖ ಕಪ್ಪಿಟ್ಟಿತು. "ಏನು ಕಮ್ಮಿ ಆತು ಅಂತ? ಕೆಲಸ ಬಿಡು ಅಂದ್ನಾ ನಾನು? ಆಫೀಸಲ್ಲಿ ಕುತ್ಕ ಅಂದೆ, ಅದು ತಪ್ಪಾ? ಈ ವಯಸ್ಸಲ್ಲಿ ಇನ್ನೆಂಥವನು ಸಿಗ್ತಾನೆ ಅವ್ಳಿಗೆ?"

"ಸಿಗ್ಬಹುದು, ಸಿಗ್ದೇ ಇರಬಹುದು. ಒಬ್ಳೇ ಇರಾಕೆ ಅವ್ಳಿಗೆ ಬರ್ತದೆ. ನಂಗೂ ಬಂತು. ನಿಮ್ಮ ಹುಡುಗ ಬಂಗಾರದಂಥವನು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಎಮ್ಮೆ ಕೊಟ್ಟಿಗೇಲಿ ಅವಳ ಮುಖ ನೋಡಿದೀನವ್ವ ನಾನು. ಅದನ್ನ ಬಿಡಿಸಿ ಕುರ್ಚಿ ಮೇಲೆ ಕೂರಿಸಿದ್ರೆ ನಿಮ್ಮನೆಗೆ ಬರೋಳು ಅವಳಲ್ಲ, ಬೇರೆ ಯಾರೋ."

"ಯಾವ ಎಮ್ಮೆ?" ಎಂದರು ಸುಶೀಲಮ್ಮ.

ಒಳಗಿನ ಕೋಣೆಯ ಬಾಗಿಲಲ್ಲಿ ಪ್ರಶಾಂತ ನಿಂತಿದ್ದ. ಯಾವಾಗ ಬಂದನೋ. "ಅಮ್ಮ, ಅವತ್ತು ಗಾಡಿ ಪಂಕ್ಚರ್ ಆಗಿರ್ಲಿಲ್ಲ" ಎಂದ. ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದ. ಸವಳಂಗ, ಹಗ್ಗ, ಕರು, ಅವಳು ಫೋನಿನಲ್ಲಿ ಬೇಡವೆಂದದ್ದು, ತಾನು ಮುಚ್ಚಿಟ್ಟದ್ದು. ತಾಯಿ ಮಗನನ್ನು ಹೊಸಬನನ್ನು ನೋಡುವಂತೆ ನೋಡುತ್ತಾ ಕುಳಿತರು.

ಆಮೇಲೆ, "ಕಾಫಿ ಆರಿಹೋತು, ಬ್ಯಾರೆ ಮಾಡ್ತೀನಿ ತಡೀರಿ" ಎಂದು ಎದ್ದರು. ಜೋಳವನ್ನು ವಾಪಸ್ ಕೊಡಲಿಲ್ಲ. ಪ್ರಶಾಂತ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ಮೊದ್ಲೇ ಹೇಳಿದ್ರೆ ಚೆನ್ನಾಗಿರ್ತಿತ್ತು ಅಲ್ವಾ ಅಜ್ಜಿ?" ಎಂದ. "ಇನ್ಮೇಲೆ ಹೇಳಪ್ಪ" ಎಂದೆ. ಈಗ ಅವನಿಗೆ ಮದುವೆಯಾಗಿದೆ. ಹುಡುಗಿ ಬಸ್ ಕಂಡಕ್ಟರ್. ಊರೂರು ತಿರುಗುವ ಕೆಲಸವೇ! ಕೇಳಿ ನಾವಿಬ್ಬರೂ ಬಹಳ ನಕ್ಕೆವು, ಸಂತೋಷಕ್ಕೇ.

ನ್ಯಾಮತಿಯಲ್ಲಿ ಇಳಿದಾಗ ಸ್ವಾತಿ ಸ್ಕೂಟರು ನಿಲ್ಲಿಸಿಕೊಂಡು ಕಾಯುತ್ತಿದ್ದಳು. "ಬಾಯಿ ಬಂತಾ ಅಜ್ಜಿ?" ಎಂದಳು.

"ಬಂತು. ಇಷ್ಟು ದಿನ ಎಲ್ಲಿತ್ತೋ" ಎಂದೆ. ಮಳೆಯಲ್ಲಿ ಅವಳ ಸೊಂಟ ಹಿಡಿದು ಮೊದಲ ಸಲ ಸ್ಕೂಟರು ಹತ್ತಿದೆ.

ಮಗಳು ಸಿಟ್ಟಾದಳು, ಅತ್ತಳು, ದೀಪಾವಳಿ ಹೊತ್ತಿಗೆ ಸಮಾಧಾನವಾದಳು. ಮಳೆ ನಿಂತ ಮೇಲೆ ರುದ್ರಪ್ಪನವರು ಒಂದು ಬೆಳಗ್ಗೆ ಬಂದು, "ಅಮ್ಮ, ನೀವು ಊರಿಗೆ ಹೋಗಾದಾದ್ರೆ ಹೋಗ್ ಬರ್ರಿ. ಡಾಕ್ಟ್ರಮ್ಮ ಒಬ್ರೇ ಇದ್ರೂ ನಡೀತದೆ. ದೊಡ್ಡೋರು ಬೇಕಾದ್ರೆ ನಾವಿಲ್ವಾ?" ಎಂದರು. ಅವರ ಹಸುವಿನ ಕೆಚ್ಚಲು ಬಾವು ಸ್ವಾತಿಯ ಔಷಧಕ್ಕೆ ವಾಸಿಯಾಗಿತ್ತು. ಅವಳು ತನ್ನ ಹುಟ್ಟುಹಬ್ಬಕ್ಕೆ ತಾನೇ ಒಂದು ಮಲ್ಲಿಗೆ ಬಳ್ಳಿ ತಂದು ಹಿತ್ತಲಲ್ಲಿ ನೆಟ್ಟಳು. ನಾನು ಚೀಲ ಕಟ್ಟಿದೆ. ಕಾವಲಿಗೆಂದು ಹೋದವಳನ್ನು ಬೇಕಾಗಿಲ್ಲವೆಂದು ಕಳಿಸಿದರು ಎಂದು ನನಗೆ ಬೇಸರವಾಗಲಿಲ್ಲ. ಬಸ್ಸಿನಲ್ಲಿ ಕಂಡಕ್ಟರನಿಗೆ "ಜಗಳೂರು, ಒಂದು" ಎಂದು ಗಟ್ಟಿಯಾಗಿ ಹೇಳಿದೆ.

ಮೊನ್ನೆ ಗಿಣ್ಣ ತಿಂದು ಅವಳಿಗೆ ಫೋನು ಮಾಡಿದೆ. ಸವಳಂಗದ ಆ ಎಮ್ಮೆಯೇ ಮತ್ತೆ ಕರು ಹಾಕಿದೆಯಂತೆ, ಈ ಸಲ ಯಾರ ಸಹಾಯವೂ ಇಲ್ಲದೆ. ಮಾತಿನ ನಡುವೆ ಅವಳೆಂದಳು, "ಅಜ್ಜಿ, ಈ ಭಾನುವಾರ ಹೊನ್ನಾಳಿಗೆ ಬರ್ತೀಯಾ? ಒಬ್ರು ಬರ್ತಾರೆ. ಶಾಲೆ ಮೇಷ್ಟ್ರು. ಅವರ ಮನೆಯೋರಿಗೆಲ್ಲ ನಾನು ಏನ್ ಕೆಲಸ ಮಾಡ್ತೀನಿ ಅಂತ ಆಗ್ಲೇ ಹೇಳಾರಂತೆ."

"ಆಗ್ತದಾ?"

"ಆಗ್ಬಹುದು, ಆಗ್ದೇ ಇರಬಹುದು. ತಿಂಡಿಯಂತೂ ತಿಂತೀವಿ. ಈ ಸಲ ಬೇರೆ ಟೇಬಲ್ ಬ್ಯಾಡ, ನಮ್ಮ ಜೊತೆಗೇ ಕುತ್ಕ."

ಹೋಗುತ್ತೇನೆ. ಅವಳ ಡಬ್ಬಿಯನ್ನು ತೊಳೆದು ಒರೆಸಿ ಇಟ್ಟಿದ್ದೇನೆ. ಬರಿದಾಗಿ ಕೊಡಬಾರದಲ್ಲ, ತುಂಬ ಬೆಲ್ಲ ಹಾಕಿದ್ದೇನೆ. ಬರುವ ಮೇಷ್ಟರಿಗೆಂದು ಹಾಕಿದ್ದಲ್ಲ. ಅವಳು ಬದುಕುತ್ತಿರುವ ಬದುಕಿಗೆ, ನನ್ನ ಕಡೆಯಿಂದ ಒಪ್ಪಿಗೆ.